ಎಚ್‌ಆರ್ ಕೇಳೋ ಲೀಸ್ ಬೇರೆ, ಬ್ರೋಕರ್ ಹೇಳೋ ಲೀಸ್ ಬೇರೆನಾ? ಹಾಗಾದ್ರೆ ರೆಂಟ್ ಅಂದ್ರೇನು?

ಬಾಡಿಗೆಮನೆ_ಬಸ್ಯ
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯವನು, ಈಗ ವಿಜಯನಗರದಲ್ಲಿ ಬಾಡಿಗೆಗಿದ್ದೀನಿ. ಎಚ್‌ಆರ್‌ಎ (ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆ) ಮೇಲಿನ ತೆರಿಗೆ ವಿನಾಯಿತಿ ಕ್ಲೇಮಿಗೆ ಆಫೀಸಿನ ಪೋರ್ಟಲ್‌ನಲ್ಲಿ "ಲೀಸ್ ಅಗ್ರಿಮೆಂಟ್" ಅಪ್‌ಲೋಡ್ ಮಾಡಿ ಅಂತ ಇದೆ. ನನ್ನ ಹತ್ರ ಇರೋದು 11 ತಿಂಗಳ "ರೆಂಟಲ್ ಅಗ್ರಿಮೆಂಟ್". ಅದನ್ನೇ ಹಾಕಿದ್ದಕ್ಕೆ ವಾಪಸ್ ಬಂತು, "ಲೀಸ್ ಪತ್ರ ಲಗತ್ತಿಸಿಲ್ಲ" ಅಂತ ಷರಾ ಬೇರೆ. ಸರಿ ಅಂತ ಮನೆ ಕೊಡಿಸಿದ ಬ್ರೋಕರ್‌ಗೆ ಫೋನ್ ಮಾಡಿ, "ಅಣ್ಣ, ಲೀಸ್ ಅಗ್ರಿಮೆಂಟ್ ಒಂದು ಮಾಡಿಸಬೇಕಿತ್ತು" ಅಂದೆ. "ಲೀಸಾ? 18 ಲಕ್ಷ ರೆಡಿ ಇದೆಯಾ? ಇದ್ರೆ ಹೇಳು, ಓನರ್ ಹತ್ರ ಮಾತಾಡ್ತೀನಿ" ಅಂದ!

ಡಿಕ್ಷನರಿ ತೆಗೆದ್ರೆ ಎರಡಕ್ಕೂ ಬಾಡಿಗೆ, ಗುತ್ತಿಗೆ, ಗೇಣಿ ಅಂತ ಕಲಸುಮೇಲೋಗರ. ಇಂಗ್ಲಿಷಿನಲ್ಲಿ ಇವೆರಡರ ನಿಜವಾದ ವ್ಯತ್ಯಾಸ ಏನು? ನಮ್ಮ ಬ್ರೋಕರ್ ಹೇಳೋದು ತಪ್ಪಾ, ಎಚ್‌ಆರ್ ಹೇಳೋದು ತಪ್ಪಾ?

ಗಾಂಧಿಬಜಾರ್_ಬೈಟುಕಾಫಿ
ಸಿಂಪಲ್ ಗುರು. ತಿಂಗಳು ತಿಂಗಳು ಕೊಟ್ಟು ಮರೆತುಬಿಡೋದು ರೆಂಟ್. ಒಂದೇ ಸಲ ದೊಡ್ಡ ಗಂಟು ಕೊಟ್ಟು, ಮನೆ ಬಿಡುವಾಗ ಪೂರ್ತಿ ವಾಪಸ್ ತಗೊಳ್ಳೋದು ಲೀಸ್. ಹನುಮಂತನಗರದಿಂದ ಯಲಹಂಕದವರೆಗೆ ಯಾವ ಗೇಟಿನ ಬೋರ್ಡ್ ನೋಡು, ಇದೇ ಅರ್ಥ. ನಿಮ್ಮ ಎಚ್‌ಆರ್ ಬೆಂಗಳೂರಲ್ಲಿ ಮನೆ ಹುಡುಕಿಲ್ಲ ಅನ್ಸುತ್ತೆ.

ರಿಟೈರ್ಡ್_ಇಂಗ್ಲಿಷ್_ಮೇಷ್ಟ್ರು
ಬೈಟುಕಾಫಿಯವರ ಮಾತು ಬೆಂಗಳೂರಿನ ಮಟ್ಟಿಗೆ ಸರಿ. ಆದರೆ ಬಸ್ಯ ಕೇಳಿದ್ದು ಇಂಗ್ಲಿಷ್. ಅಲ್ಲಿ ಇವೆರಡನ್ನು ಎದುರುಬದುರು ನಿಲ್ಲಿಸಿ ಯಾವುದಾದರೊಂದನ್ನು ಆರಿಸು ಅನ್ನುವ ಹಾಗೇ ಇಲ್ಲ. ನಾಮಪದವಾಗಿ ಲೀಸ್ ಅಂದರೆ ಕರಾರು: ಇಷ್ಟು ಅವಧಿಗೆ, ಇಂಥ ಷರತ್ತಿಗೆ ಈ ಆಸ್ತಿಯನ್ನು ಅನುಭವಿಸುವ ಹಕ್ಕು. ರೆಂಟ್ ಅಂದರೆ ಆ ಕರಾರಿನ ಪ್ರಕಾರ ಕಾಲಕಾಲಕ್ಕೆ ಕೊಡುವ ಹಣ. ಒಂದು ಕಾಗದ, ಇನ್ನೊಂದು ಕಾಸು. ಲೀಸಿಗೆ ಸಹಿ ಹಾಕುತ್ತಾರೆ, ರೆಂಟು ಕಟ್ಟುತ್ತಾರೆ.

ಹುಟ್ಟಿನಲ್ಲೂ ಈ ಭೇದ ಇದೆ. ಎರಡೂ ಫ್ರೆಂಚಿನ ದಾರಿ ಹಿಡಿದು ಇಂಗ್ಲಿಷಿಗೆ ಬಂದವು. ಲೀಸ್‌ನ ಮೂಲ ಲ್ಯಾಟಿನ್ ಧಾತುವಿಗೆ ಸಡಿಲ ಬಿಡು, ಬಿಟ್ಟುಕೊಡು ಎಂಬ ಅರ್ಥ. ಅದು ಮಾಲೀಕನ ಕಡೆಯ ಕ್ರಿಯೆ. ರೆಂಟ್‌ನ ಮೂಲಕ್ಕೆ ಹಿಂದಿರುಗಿಸು, ಸಲ್ಲಿಸು ಎಂಬ ಅರ್ಥ; ಅದು ಒಕ್ಕಲಿನ ಕಡೆಯದು.

ತೊಡಕು ಶುರುವಾಗುವುದು ಇವು ಕ್ರಿಯಾಪದವಾದಾಗ. ಅಮೆರಿಕದ ಆಡುಮಾತಿನಲ್ಲಿ ವರ್ಷಕ್ಕೋ ಎರಡು ವರ್ಷಕ್ಕೋ ಅವಧಿ ಕಟ್ಟಿದ್ದರೆ ಲೀಸ್, ತಿಂಗಳಿಂದ ತಿಂಗಳಿಗೆ ಮುಂದುವರಿದರೆ ರೆಂಟ್ ಅನ್ನುತ್ತಾರೆ. ಅವಧಿಯ ನಡುವೆ ಬಿಟ್ಟು ಹೋದರೆ "ಲೀಸ್ ಮುರಿದ" ಎಂದು ದಂಡ ಹಾಕುತ್ತಾರೆ. ನಿಮ್ಮ ಪೋರ್ಟಲ್ ಬರೆದವರು ಆ ಇಂಗ್ಲಿಷಿನವರಿರಬೇಕು. ಬ್ರಿಟಿಷರಲ್ಲಿ ಮಾಲೀಕ ಮನೆಯನ್ನು "ಲೆಟ್" ಮಾಡುತ್ತಾನೆ, ಒಕ್ಕಲು "ರೆಂಟ್" ಮಾಡುತ್ತಾನೆ. ನಮ್ಮ ಗೇಟುಗಳ ಮೇಲಿನ "ಟು-ಲೆಟ್" ಅವರು ಬಿಟ್ಟುಹೋದ ಬಳುವಳಿ. ಮಧ್ಯದ ಅಡ್ಡಗೀಟಿನ ಜಾಗಕ್ಕೆ ಪೋಲಿ ಹುಡುಗರು ಒಂದು "ಐ" ಸೇರಿಸಿ ಓಡಿಹೋಗುವುದು ಅಂದೂ ಇತ್ತು, ಇಂದೂ ಇದೆ.

ಮಂಡ್ಯ_ಹೈದ
ಮೇಷ್ಟ್ರೇ, ಬೆಂಗ್ಳೂರ್ ಲೀಸ್ಗೆ ಇಂಗ್ಲಿಷ್ ಹುಡುಕ್ತಾ ಲ್ಯಾಟಿನ್‌ಗಂಟ ಯಾಕ್ ಹೋಯ್ತೀರಿ? ನಮ್ಮೂರಲ್ಲಿ ಅದು ಬೋಗ್ಯ. ಮಗಳ ಮದ್ವೆಗೆ ದುಡ್ಡು ಬೇಕು, ಗದ್ದೆ ಮಾರಕೆ ಮನ್ಸಿಲ್ಲ, ಯಾರ್ಗೋ ಬೋಗ್ಯಕ್ಕೆ ಕೊಡೋದು. ದುಡ್ಡು ಕೊಟ್ಟೋನು ಗದ್ದೆ ಉಂಡ್ಕತಾನೆ, ದುಡ್ಗೆ ಬಡ್ಡಿ ಇಲ್ಲ. ದುಡ್ಡು ತಿರುಗ್ಸಿ ಕೊಟ್ಟ ದಿನ ಗದ್ದೆ ಬುಡ್ಬೇಕು. ವಾರಕ್ಕೆ ಕೊಡೋದು ಬ್ಯಾರೆ, ಅದ್ರಲ್ಲಿ ಬೆಳೇಲಿ ಪಾಲು. ಬೆಂಗ್ಳೂರೋರು ಗದ್ದೆ ತಗ್ದು ಟೂ ಬಿಎಚ್‌ಕೆ ಇಟ್ರು, ಬೋಗ್ಯ ತಗ್ದು ಲೀಸ್ ಅಂದ್ರು, ಅಷ್ಟೆಯ.

ಕಪ್ಪುಕೋಟು_ಸಿಟಿಸಿವಿಲ್
ಮಂಡ್ಯದವರು ನಾಲ್ಕು ಸಾಲಿನಲ್ಲಿ ಹೇಳಿದ್ದನ್ನು ನಾವು ಕೋರ್ಟಿನಲ್ಲಿ ನಾಲ್ಕು ವರ್ಷ ವಾದಿಸುತ್ತೇವೆ. ನಾನು ವೃತ್ತಿಯಲ್ಲಿ ವಕೀಲೆ. ಸ್ವಲ್ಪ ಉದ್ದವಾಗುತ್ತೆ, ಓದಿ.

ಈ ಎರಡೂ ಪದಗಳ ಲಕ್ಷಣ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಮಿನಲ್ಲಿ ಅಕ್ಕಪಕ್ಕದಲ್ಲೇ ಇದೆ. ಸ್ಥಿರಾಸ್ತಿಯನ್ನು ಅನುಭವಿಸುವ ಹಕ್ಕನ್ನು ಒಂದು ಅವಧಿಗೆ ಅಥವಾ ಶಾಶ್ವತವಾಗಿ, ಪ್ರತಿಫಲಕ್ಕೆ ವರ್ಗಾಯಿಸುವುದು ಲೀಸ್. ಆ ಪ್ರತಿಫಲ ಒಂದೇ ಸಲಕ್ಕೆ ಕೊಡುವ ಬೆಲೆಯಾದರೆ ಅದಕ್ಕೆ ಪ್ರೀಮಿಯಂ ಎಂದು ಹೆಸರು. ಕಾಲಕಾಲಕ್ಕೆ ಸಲ್ಲಿಸುವ ಹಣ, ಬೆಳೆಯ ಪಾಲು, ಸೇವೆ ಇತ್ಯಾದಿಯಾದರೆ ರೆಂಟ್ ಎಂದು ಹೆಸರು. ಅಂದರೆ ಬಸ್ಯ ಅವರೇ, ನಿಮ್ಮ "ರೆಂಟಲ್ ಅಗ್ರಿಮೆಂಟ್" ಕಾನೂನಿನ ಕಣ್ಣಿಗೆ ಅಪ್ಪಟ ಲೀಸ್. ತಲೆಬರಹ ಏನೇ ಇರಲಿ.

ಇನ್ನು ಬ್ರೋಕರ್ ಹೇಳುವ "ಲೀಸ್". ಅದರಲ್ಲಿ ದುಡ್ಡು ವಾಪಸ್ ಬರುತ್ತೆ. ಹಾಗಾಗಿ ಅದು ಪ್ರೀಮಿಯಂ ಅಲ್ಲ, ರೆಂಟೂ ಅಲ್ಲ, ಅದು ಸಾಲ. ಸಾಲ ಕೊಟ್ಟವನಿಗೆ ಸ್ವತ್ತಿನ ಸ್ವಾಧೀನ ಕೊಟ್ಟು, ಬಡ್ಡಿಯ ಬದಲು ಅದರ ಫಲ ಅನುಭವಿಸು ಅನ್ನುವುದನ್ನು ಅದೇ ಕಾಯ್ದೆಯ 58ನೇ ಕಲಂ ಅಡಮಾನದ ಒಂದು ಬಗೆ ಅನ್ನುತ್ತೆ. ಕನ್ನಡದ ಪತ್ರಗಳಲ್ಲಿ ಅದೇ ಭೋಗ್ಯ ಆಧಾರ. ಬೆಂಗಳೂರಿನಲ್ಲಿ ಲೀಸ್ ಅಂತ ಕರೆಯುವ ವ್ಯವಹಾರ, ಅದರ ರೀತಿ ನೋಡಿದರೆ, ಬಹುಪಾಲು ಲೀಸೇ ಅಲ್ಲ.

ನಿಮಗೆ ಇದು ಬರೀ ಪದದ ಜಗಳ ಅನ್ನಿಸಬಹುದು. 100 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಭೋಗ್ಯಕ್ಕೆ ನೋಂದಾಯಿತ ಪತ್ರ ಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು ಅನ್ನುತ್ತೆ 59ನೇ ಕಲಂ. 100 ರೂಪಾಯಿಗೇ ಆ ನಿಯಮ. ಇಲ್ಲಿ ಜನ 18 ಲಕ್ಷವನ್ನು ಒಂದು ಇ-ಸ್ಟಾಂಪ್ ಕಾಗದ, ನೋಟರಿಯ ಮೊಹರು ನಂಬಿ ಕೊಡುತ್ತಾರೆ. ನಾಳೆ ಓನರ್ ಕೈಯೆತ್ತಿದರೆ ಮನೆಯ ಮೇಲೆ ನಿಮಗಿರುವ ಹಕ್ಕು ತೋರಿಸೋಕೆ ಆ ಕಾಗದ ಸಾಲದು. ಕೊಟ್ಟ ಸಾಲ ವಸೂಲಿಗೆ ದಾವೆ ಹಾಕಿಕೊಂಡು ಅಲೆಯಬೇಕು.

ರಾಜಾಜಿನಗರ_ಮೇಲ್ಮಹಡಿ
ವಕೀಲರೇ, ಓನರ್‌ಗಳೆಲ್ಲ ಕೈಯೆತ್ತೋರು ಅನ್ನೋ ಥರ ಬರೀಬೇಡಿ. ನಮ್ಮಪ್ಪ ಮೇಲಿನ ಎರಡು ಮಹಡಿ ಕಟ್ಟಿದ್ದೇ ಲೀಸ್ ದುಡ್ಡಲ್ಲಿ. ಬ್ಯಾಂಕಿನವರು ಖಾತಾ ಸರಿಯಿಲ್ಲ, ಪ್ಲಾನ್ ಇಲ್ಲ ಅಂತ ಓಡಾಡಿಸಿದ ಕಾಲ. ಕೆಳಗಿನ ಮನೆಗೆ ಬಂದವರು ಮೂರು ವರ್ಷ ಇದ್ದು, ಇನ್ನೊಂದು ಪಾರ್ಟಿ ಸಿಕ್ಕ ದಿನ ಅವರ ಗಂಟು ತಗೊಂಡು ಹೋದ್ರು. ಇಬ್ಬರಿಗೂ ಅನುಕೂಲ. ಇದಕ್ಕೆ ಸಾಲ, ಅಡಮಾನ ಅಂತೆಲ್ಲ ಹೆಸರಿಟ್ಟು ಹೆದರಿಸೋದ್ಯಾಕೆ?

ಲೆಕ್ಕದ_ಹುಡುಗಿ
"ಇನ್ನೊಂದು ಪಾರ್ಟಿ ಸಿಕ್ಕ ದಿನ" ಅನ್ನೋದನ್ನ ಇನ್ನೊಂದ್ಸಲ ಓದಿ ಸರ್. ಹಳಬರಿಗೆ ಕೊಡೋ ದುಡ್ಡು ಹೊಸಬರ ಜೇಬಿಂದ ಬರಬೇಕು. ಹೊಸಬರು ಸಿಗದಿದ್ರೆ?

ಬಸ್ಯ ಅವರ ಬ್ರೋಕರ್ ಹೇಳಿದ 18 ಲಕ್ಷಾನೇ ಇಟ್ಕೊಳ್ಳೋಣ. ಆ ಮನೆಗೆ ತಿಂಗಳ ಬಾಡಿಗೆ 22,000 ಅಂದ್ಕೊಳ್ಳಿ. ವರ್ಷಕ್ಕೆ 2,64,000. ಅಂದ್ರೆ ಓನರ್ 18 ಲಕ್ಷದ ಮೇಲೆ ವರ್ಷಕ್ಕೆ ಹತ್ತಿರ ಹತ್ತಿರ ಶೇ. 14.7 ಬಡ್ಡಿ ತೆತ್ತ ಹಾಗಾಯ್ತು. ಅದೇ 18 ಲಕ್ಷಾನ ನೀವು ಶೇ. 7ಕ್ಕೆ ಎಫ್‌ಡಿ ಇಟ್ರೆ ಸಿಗೋದು 1,26,000, ಅಂದ್ರೆ ತಿಂಗಳಿಗೆ 10,500. ಒಕ್ಕಲಿಗೆ ಲಾಭ ಇದೆ, ಅದಕ್ಕೇ ಜನ ಮುಗಿಬೀಳ್ತಾರೆ. ಆದ್ರೆ ಬ್ಯಾಂಕ್ ಬಡ್ಡಿಗಿಂತ ಇಷ್ಟು ಜಾಸ್ತಿ ತೆತ್ತು ದುಡ್ಡು ಎತ್ತೋ ಓನರ್‌ಗೆ ಬ್ಯಾಂಕ್ ಯಾಕೆ ಸಾಲ ಕೊಡ್ಲಿಲ್ಲ ಅನ್ನೋದು ನಾವು ಕೇಳಬೇಕಾದ ಪ್ರಶ್ನೆ. ನಿಮ್ಮ ತಂದೆಯವರ ಥರ ಕಟ್ಟೋಕೆ ಎತ್ತಿದ್ರೆ ಒಂದು ಮಾತು. ಆಗಲೇ ಇರೋ ಸಾಲ ತೀರಿಸೋಕೆ ಎತ್ತಿದ್ರೆ ಇನ್ನೊಂದು.

ರಾಜಾಜಿನಗರ_ಮೇಲ್ಮಹಡಿ
ಲೆಕ್ಕ ಸರಿ ಇದೆ. ಆದ್ರೂ ಬಾಯಲ್ಲಿ ಅದು ಲೀಸೇ. ಗೇಟಿಗೆ "ಅಡಮಾನಕ್ಕೆ ಮನೆ ಇದೆ" ಅಂತ ಬೋರ್ಡ್ ಹಾಕಿದ್ರೆ ಯಾರಮ್ಮ ಬರ್ತಾರೆ?

ಕುಡ್ಲದ_ಮಾರಾಯ
ನಿಮ್ಮ ಬೋರ್ಡಿನ ಮಾತು ಒಪ್ಪಿದೆ ಮಾರಾಯ್ರೆ. ವಕೀಲರು "ಶಾಶ್ವತವಾಗಿ" ಅಂತ ಒಂದು ಶಬ್ದ ಹಾಕಿದ್ದಾರೆ ನೋಡಿ, ಅದು ನಮ್ಮ ಊರಲ್ಲಿ ನಿಜವಾಗಿ ಉಂಟು. ಮೂಲಗೇಣಿ ಅಂತ. ಒಮ್ಮೆ ಬರೆದುಕೊಟ್ಟರೆ ತಲೆತಲಾಂತರಕ್ಕೆ, ಗೇಣಿ ನಿಗದಿ. ಚಾಲಗೇಣಿ ಅಂದರೆ ವರ್ಷದ ಲೆಕ್ಕದ್ದು. ಭೂಸುಧಾರಣೆ ಬಂದು ಕೃಷಿ ಜಾಗದ ಗೇಣಿ ಹೋಯಿತು, ಆದರೆ ಮಂಗಳೂರು, ಉಡುಪಿ ಪೇಟೆಯ ಮನೆ ಜಾಗಗಳ ಮೂಲಗೇಣಿ ಹಾಗೇ ಉಳಿಯಿತು. ಆ ಒಕ್ಕಲುಗಳಿಗೆ ಒಡೆತನ ಕೊಡಲಿಕ್ಕೆ 2011ರಲ್ಲಿ ಬೇರೆಯೇ ಕಾಯ್ದೆ ಮಾಡಬೇಕಾಯಿತು. ಮೂಲಗೇಣಿಯನ್ನು ಬೆಂಗಳೂರಿನವರಿಗೆ "ಲೀಸ್" ಅಂತ ವಿವರಿಸಿದರೆ, "ಎಷ್ಟು ಲಕ್ಷ?" ಅಂತ ಕೇಳ್ತಾರೆ.

ಧಾರವಾಡ_ಮಂದಿ
ನಮ್ ಕಡೆ ಹೊಲಾ ಲಾವಣಿಗೆ ಹಾಕ್ತಾರ್ರಿ. ಬೆಂಗಳೂರಿಗೆ ಬಂದ ಹೊಸತರಾಗ "ಮನಿ ಲಾವಣಿಗೆ ಐತೇನ್ರಿ" ಅಂದ್ರ ಹಾಡು ಹೇಳಾಂವ ಬಂದಾನ ಅಂದ್ಕೊಂಡ್ರು.

ನನ್ ಪ್ರಶ್ನೆ ಏನಂದ್ರ, ಪಿಜಿಯೊಳಗ ಇರ್ತೀವಲ್ಲ, ಅದಕ್ಕೂ ತಿಂಗಳಾ ರೆಂಟ್ ಅಂತೀವಿ. ವಕೀಲರ ಲೆಕ್ಕದಾಗ ಅದೂ ಲೀಸ್ ಏನ್ರಿ?

ಕಪ್ಪುಕೋಟು_ಸಿಟಿಸಿವಿಲ್
ಒಳ್ಳೆ ಪ್ರಶ್ನೆ. ಅಲ್ಲ. ಪಿಜಿಯಲ್ಲಿ ಸಾಮಾನ್ಯವಾಗಿ ಕೋಣೆಯ ಪೂರ್ತಿ ಸ್ವಾಧೀನ ನಿಮ್ಮದಲ್ಲ. ಓನರ್ ಬಂದು ಹೋಗ್ತಾರೆ, ಪಕ್ಕದ ಮಂಚಕ್ಕೆ ಇನ್ನೊಬ್ಬರನ್ನು ಹಾಕ್ತಾರೆ, ರಾತ್ರಿ ಹತ್ತಕ್ಕೆ ಗೇಟು. ಇರೋಕೆ ಅನುಮತಿ ಇದೆ, ಸ್ವತ್ತಿನಲ್ಲಿ ಹಕ್ಕು ಹುಟ್ಟಿಲ್ಲ. ಅದು ಲೈಸೆನ್ಸ್, 1882ರದೇ ಇನ್ನೊಂದು ಕಾಯ್ದೆಯಾದ ಈಸ್‌ಮೆಂಟ್ಸ್ ಕಾಯ್ದೆಗೆ ಸೇರಿದ್ದು. ಮುಂಬೈಯಲ್ಲಿ ಮನೆ ಬಾಡಿಗೆಗೂ "ಲೀವ್ ಅಂಡ್ ಲೈಸೆನ್ಸ್" ಅಂತಲೇ ಬರೆಸುವುದು ಒಕ್ಕಲಿಗೆ ಲೀಸಿನ ಹಕ್ಕು ಬಾರದಿರಲಿ ಅಂತ.

ಬರೆದ ಹೆಸರಿನಿಂದಲೇ ಎಲ್ಲ ತೀರ್ಮಾನ ಆಗಲ್ಲ. ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1959ರಲ್ಲೇ ಹೇಳಿದೆ. ದೆಹಲಿಯ ಹೋಟೆಲೊಂದರ ಒಳಗೆ ಕ್ಷೌರದ ಅಂಗಡಿಗೆ ಕೊಟ್ಟ ಜಾಗ. ಪತ್ರದ ತುಂಬ ಲೈಸೆನ್ಸ್ ಅಂತಿತ್ತು. ಬಹುಮತದ ತೀರ್ಪು ಅದನ್ನು ಲೀಸ್ ಅಂದಿತು, ಯಾಕೆಂದರೆ ಪೂರ್ಣ ಸ್ವಾಧೀನ ಕೊಟ್ಟಾಗಿತ್ತು.

ಕೇಳದಿದ್ದರೂ ಹೇಳಿಬಿಡ್ತೀನಿ, 11 ತಿಂಗಳು ಯಾಕೆ ಅಂತ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಲೀಸ್ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸೋಕೆ ಒಂದು ತಿಂಗಳು ಕಡಿಮೆ. ಅದು ಮುಗಿದ ಮೇಲೂ ನೀವು ಇದ್ದು, ಓನರ್ ಬಾಡಿಗೆ ತಗೊಳ್ತಾ ಹೋದರೆ ತಿಂಗಳಿಂದ ತಿಂಗಳಿಗೆ ನಡೆಯೋ ಲೀಸ್ ಆಗುತ್ತೆ. ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ ಬಿಡಿಸೋಕೆ 15 ದಿನದ ನೋಟಿಸ್ ಸಾಕು. ಮೇಷ್ಟ್ರು ಹೇಳಿದ ಅಮೆರಿಕದ "ರೆಂಟ್" ಅಂದರೆ ಇದೇ.

ಗಾಂಧಿಬಜಾರ್_ಬೈಟುಕಾಫಿ
ಮೇಡಂ, ಕರ್ನಾಟಕಕ್ಕೇ ಅಂತ ಬಾಡಿಗೆ ಕಾಯ್ದೆ ಇದೆಯಲ್ಲ? ಅದರಲ್ಲಿ ಒಕ್ಕಲಿಗೆ ಇನ್ನೂ ರಕ್ಷಣೆ ಇರ್ಬೇಕಲ್ವಾ?

ಕಪ್ಪುಕೋಟು_ಸಿಟಿಸಿವಿಲ್
ಇದೆ, 1999ರದ್ದು. ಆದರೆ ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸಲ್ಲ. 3,500ಕ್ಕೆ ಈಗ ಬೈಕ್ ನಿಲ್ಲಿಸೋ ಜಾಗ ಸಿಕ್ಕಿದರೆ ನನಗೂ ಹೇಳಿ.

ರಿಟೈರ್ಡ್_ಇಂಗ್ಲಿಷ್_ಮೇಷ್ಟ್ರು
ಲೀಸ್ ಇದ್ದು ರೆಂಟ್ ಇಲ್ಲದಿರಲು ಸಾಧ್ಯವೇ ಎಂದು ಒಬ್ಬರು ನನಗೆ ಖಾಸಗಿಯಾಗಿ ಸಂದೇಶ ಕಳಿಸಿ ಕೇಳಿದ್ದಾರೆ. ಎಲ್ಲರಿಗೂ ಉಪಯೋಗವಾದೀತು ಎಂದು ಇಲ್ಲೇ ಉತ್ತರಿಸುತ್ತೇನೆ. ಸಾಧ್ಯ. ಇತಿಹಾಸದ ಅತಿ ಪ್ರಸಿದ್ಧ ಲೀಸ್‌ಗಳಲ್ಲೊಂದು ಹಾಗೇ ಇತ್ತು. ಹಾಂಗ್‌ಕಾಂಗ್‌ನ ನ್ಯೂ ಟೆರಿಟರೀಸ್ ಪ್ರದೇಶವನ್ನು ಬ್ರಿಟನ್ 1898ರಲ್ಲಿ ಚೀನಾದಿಂದ 99 ವರ್ಷಕ್ಕೆ ಪಡೆಯಿತು. ಬಾಡಿಗೆ ಸೊನ್ನೆ. ಅವಧಿ ಮುಗಿದ 1997ರಲ್ಲಿ ಇಡೀ ಹಾಂಗ್‌ಕಾಂಗನ್ನೇ ಬಿಟ್ಟು ಹೊರಡಬೇಕಾಯಿತು. ಇನ್ನೊಂದು ತುದಿಗೆ ಡಬ್ಲಿನ್ನಿನ ಗಿನ್ನೆಸ್. 1759ರಲ್ಲಿ ಆರ್ಥರ್ ಗಿನ್ನೆಸ್ ತನ್ನ ಬಿಯರ್ ತಯಾರಿಕೆಯ ಜಾಗಕ್ಕೆ ಸಹಿ ಹಾಕಿದ ಲೀಸಿನ ಅವಧಿ 9,000 ವರ್ಷ, ರೆಂಟ್ ವರ್ಷಕ್ಕೆ 45 ಪೌಂಡ್. ನಮ್ಮ 11 ತಿಂಗಳ ಕಾಗದ ಬರೆದವರು ಇದನ್ನು ನೋಡಬೇಕು.

ಇಂಗ್ಲೆಂಡಿನಲ್ಲಿ ಇಂದಿಗೂ ಫ್ಲಾಟ್ "ಕೊಂಡೆ" ಅನ್ನುವವರಲ್ಲಿ ಎಷ್ಟೋ ಮಂದಿ ಕೊಂಡದ್ದು 99 ಅಥವಾ 125 ವರ್ಷದ ಲೀಸನ್ನು. ಅಲ್ಲಿ ಲೀಸ್ ಅಂದರೆ ಕೊಳ್ಳುವುದಕ್ಕೆ ಹತ್ತಿರದ ಪದ, ರೆಂಟ್ ಅದರಿಂದ ದೂರ. ಕುಟುಂಬದವರು ಲಂಡನ್ನಿನಲ್ಲಿರುವವರು ಇದನ್ನು ಗಮನಿಸಿ, "ಮಗ ಲೀಸಿಗೆ ಮನೆ ತಗೊಂಡ" ಎಂದು ಬಸವನಗುಡಿಯಲ್ಲಿ ಹೇಳಿದರೆ ಬೇರೆಯೇ ಅರ್ಥವಾಗುತ್ತದೆ.

ವಿಮಾನಪುರ_ನೈಟ್‌ಶಿಫ್ಟ್
ಮನೆ ಬಿಟ್ಟು ಹೊರಗೆ ಬನ್ನಿ ಸ್ವಲ್ಪ. ವಿಮಾನದ ಲೈನಲ್ಲಿ ಯಾರೂ ರೆಂಟ್ ಮಾಡಿದ್ವಿ ಅನ್ನಲ್ಲ, ಲೀಸೇ. ಅದರಲ್ಲೂ ಡ್ರೈ ಲೀಸ್, ವೆಟ್ ಲೀಸ್. ಬರೀ ವಿಮಾನ ಕೊಟ್ರೆ ಡ್ರೈ. ವಿಮಾನ, ಪೈಲಟ್ ಮತ್ತು ಸಿಬ್ಬಂದಿ, ರಿಪೇರಿ, ವಿಮೆ ಎಲ್ಲ ಸೇರಿಸಿ ಕೊಟ್ರೆ ವೆಟ್. ಆಫೀಸ್ ಲ್ಯಾಪ್‌ಟಾಪೂ ಲೀಸು, ಸಂಬಳದಲ್ಲಿ ಹಿಡ್ಕೊಳ್ಳೋ ಕಾರೂ ಲೀಸು. ಅದೇ ನಂದಿ ಬೆಟ್ಟಕ್ಕೆ ಭಾನುವಾರ ಓಡ್ಸೋಕೆ ತಗೊಳ್ಳೋ ಬೈಕ್ ರೆಂಟು. ವರ್ಷಗಟ್ಟಲೆ ಆದ್ರೆ ಲೀಸ್, ಗಂಟೆ, ದಿನದ ಲೆಕ್ಕ ಆದ್ರೆ ರೆಂಟ್. ಕಾಲಮಾನದ ಮೇಲೆ ಹೋದ್ರೆ ಗೊಂದಲಾನೇ ಇಲ್ಲ.

ಕುಡ್ಲದ_ಮಾರಾಯ
ಗೊಂದಲ ಇಲ್ಲದೆ ಏನು? ವಕೀಲರ ಪ್ರಕಾರ ತಿಂಗಳ ಬಾಡಿಗೆಯ ಮನೆ ಕೂಡ ಲೀಸ್. ನಿಮ್ಮ ಸೂತ್ರ ಬೈಕಿಗೆ ಸರಿ, ಮನೆಗೆ ಆಗುವುದಿಲ್ಲ.

ಬಿಡಿಎ_ಸೈಟಿಗಾಗಿ_ಕಾದವ
ಒಂದು ಸೇರಿಸ್ತೀನಿ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸೈಟ್ ಹಂಚಿದಾಗ ಮೊದಲು ಕೊಡ್ತಿದ್ದದ್ದು "ಲೀಸ್ ಕಂ ಸೇಲ್" ಕರಾರು. ದುಡ್ಡು ಪೂರ್ತಿ ಕಟ್ಟಿದ್ರೂ 10 ವರ್ಷ ನೀವು ಲೆಸ್ಸಿ, ಅಂದ್ರೆ ಲೀಸಿಗೆ ಪಡೆದವರು ಅಷ್ಟೆ, ಷರತ್ತು ಪಾಲಿಸಿದ್ರೆ ಆಮೇಲೆ ಕ್ರಯಪತ್ರ. ನಮ್ಮಮ್ಮ ಮಾತ್ರ ಆ ಹತ್ತೂ ವರ್ಷ "ಸ್ವಂತ ಸೈಟು" ಅಂತಲೇ ಹೇಳ್ಕೊಂಡು ಓಡಾಡಿದ್ರು.

ಎಚ್‌ಆರ್_ಲೇ_ಇದ್ದೀನಿ
ಎಲ್ಲರೂ ಎಚ್‌ಆರ್‌ಗೆ ಬೈತಿದ್ದೀರಿ, ಒಂದು ನಿಮಿಷ ಕೇಳಿ. ಪೋರ್ಟಲ್‌ನ ಪದಗಳು ಎಷ್ಟೋ ಸಲ ಹೊರದೇಶದ ಟೀಮ್ ಇಟ್ಟಿದ್ದು. ದಾಖಲೆ ನೋಡೋರು ಹೊರಗುತ್ತಿಗೆ ಏಜೆನ್ಸಿಯವರು, ಶೀರ್ಷಿಕೆ ತಾಳೆಯಾಗದಿದ್ರೆ ವಾಪಸ್ ಕಳಿಸ್ತಾರೆ. ಬಸ್ಯ, ನೀವು ಹೊಸ ಪತ್ರ ಮಾಡಿಸ್ಬೇಡಿ. ಅದೇ ಪತ್ರ, ಬಾಡಿಗೆ ರಸೀತಿಗಳು, ಬ್ಯಾಂಕಿಂದ ಹೋಗಿರೋ ವಿವರ ಹಾಕಿ. ಷರಾ ಬರೆಯೋ ಜಾಗದಲ್ಲಿ "ಇದು ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಮಿನ ಪ್ರಕಾರ ಲೀಸ್" ಅಂತ ಒಂದು ಸಾಲು ಸೇರಿಸಿ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದ್ರೆ ಓನರ್ ಪ್ಯಾನ್ ಬೇಕೇ ಬೇಕು, ಅದನ್ನ ಮರೀಬೇಡಿ.

ತಮಾಷೆ ಏನು ಗೊತ್ತಾ? ಬೆಂಗಳೂರು ಥರದ "ಲೀಸ್" ಮನೇಲಿ ಇರೋರು ನಮ್ಮ ಪೋರ್ಟಲ್‌ಗೆ ಹೆಮ್ಮೆಯಿಂದ "ಲೀಸ್ ಅಗ್ರಿಮೆಂಟ್" ಹಾಕ್ತಾರೆ. ಶೀರ್ಷಿಕೆ ತಾಳೆ ಆಗುತ್ತೆ. ಒಳಗೆ ಬಾಡಿಗೆ ಸೊನ್ನೆ, ಹಾಗಾಗಿ ವಿನಾಯಿತಿಯೂ ಸೊನ್ನೆ. ಅವರಿಗೆ ಇದನ್ನ ತಿಳಿಸಿ ಹೇಳೋದು ನಮ್ಮ ಮಾರ್ಚ್ ತಿಂಗಳ ಕೆಲಸ.

ಲೆಕ್ಕದ_ಹುಡುಗಿ
ಹಾಗೇ "ಅಡ್ವಾನ್ಸ್" ಅನ್ನೋ ಪದಕ್ಕೂ ಯಾರಾದ್ರೂ ಮೋಕ್ಷ ಕೊಡಿ. ಇಂಗ್ಲಿಷಲ್ಲಿ ಅಡ್ವಾನ್ಸ್ ಅಂದ್ರೆ ಮುಂಗಡ, ಮುಂದಿನ ಬಾಡಿಗೆಗೆ ಮುರಿದುಕೊಳ್ಳೋದು. ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಅಂತಾರೆ, ಕೊನೇ ತಿಂಗಳ ಬಾಡಿಗೆ ಅದರಲ್ಲಿ ಮುರ್ಕೊಳ್ಳಿ ಅಂದ್ರೆ ಓನರ್ ಮುಖ ಕೆಂಪಾಗುತ್ತೆ. ಅದು ಠೇವಣಿ ಅಲ್ವಾ? 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಮನೆಗೆ ಎರಡು ತಿಂಗಳ ಠೇವಣಿ ಸಾಕು ಅನ್ನುತ್ತೆ.

ರಾಜಾಜಿನಗರ_ಮೇಲ್ಮಹಡಿ
ಮಾದರಿ ಅಂತ ನೀವೇ ಹೇಳಿದ್ರಲ್ಲಮ್ಮ. ರಾಜ್ಯದವರು ಕಾನೂನು ಮಾಡಿದ ದಿನ ನೋಡೋಣ. ಪೇಂಟಿಂಗ್ ದುಡ್ಡು ಯಾರು ಕೊಡ್ತಾರೆ?

ಬಾಡಿಗೆಮನೆ_ಬಸ್ಯ
ಎಲ್ಲರಿಗೂ ಥ್ಯಾಂಕ್ಸ್. 105ನೇ ಕಲಂ ಸಾಲು ಹಾಕಿ ಮತ್ತೆ ಕಳಿಸಿದೆ, ಈ ಸಲ ಅಪ್ರೂವ್ ಆಯ್ತು. ಬ್ರೋಕರ್ ಮಾತ್ರ ಬಿಡ್ತಿಲ್ಲ. ಓನರ್ ಲೀಸಿಗೆ ಒಪ್ಪಿದ್ದಾರಂತೆ, 16ಕ್ಕೆ ಇಳಿದಿದ್ದಾರಂತೆ. ಊರಲ್ಲಿ ಅಪ್ಪ ಅಡಿಕೆ ದುಡ್ಡು ಇದೆ, ಬಾಡಿಗೆ ಉಳಿಯುತ್ತಲ್ಲ ಅಂತಿದ್ದಾರೆ. ಮನೆ ಮೇಲೆ ಬ್ಯಾಂಕ್ ಸಾಲ ಇದೆ, ಅದು ಸಣ್ಣದು ಅಂತ ಬ್ರೋಕರ್ ಹೇಳ್ದ. ತಗೋಬಹುದಾ?

ಕಪ್ಪುಕೋಟು_ಸಿಟಿಸಿವಿಲ್
ಸಣ್ಣದು ಅನ್ನೋದು ಬ್ರೋಕರ್ ಬಾಯಿಮಾತು. ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಸ್ವತ್ತಿನ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ನೋಂದಣಿಯಾದ ಅಡಮಾನ ಇದ್ದರೆ ನಮೂನೆ 15ರಲ್ಲಿ ಕಾಣುತ್ತೆ. ಇಸಿಯಲ್ಲಿ ಕಾಣಲಿಲ್ಲ ಅಂದರೆ ಸಾಲ ಇಲ್ಲ ಅಂತಲ್ಲ, ಮೂಲ ಪತ್ರ ಬ್ಯಾಂಕಿಗೆ ಒಪ್ಪಿಸಿಯೂ ಸಾಲ ಪಡೆದಿರಬಹುದು. ಹಾಗಾಗಿ ಮೂಲ ಕ್ರಯಪತ್ರ ಯಾರ ಕೈಯಲ್ಲಿದೆ ಕೇಳಿ. ಬ್ಯಾಂಕಿನಲ್ಲಿದ್ದರೆ ಬಾಕಿ ಎಷ್ಟು ಅಂತ ಬ್ಯಾಂಕಿನದೇ ಪತ್ರ ತರಿಸಿ. ಓನರ್ ಕಂತು ನಿಲ್ಲಿಸಿದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಸಿವಿಲ್ ದಾವೆ ಹಾಕದೆಯೇ ಮನೆ ವಶಕ್ಕೆ ತಗೊಂಡು ಹರಾಜು ಹಾಕಬಹುದು. ನೋಂದಣಿಯಿಲ್ಲದ ನಿಮ್ಮ 16 ಲಕ್ಷದ ಕಾಗದ ಅವರ ಮುಂದೆ ನಿಲ್ಲಲ್ಲ.

ಎಲ್ಲ ಸರಿ ಇದ್ದರೆ ಪತ್ರಕ್ಕೆ ಭೋಗ್ಯ ಅಂತಲೇ ಹೆಸರಿಟ್ಟು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಮುದ್ರಾಂಕ ಶುಲ್ಕ ಬಾಡಿಗೆ ಕರಾರಿಗಿಂತ ಎಷ್ಟೋ ಜಾಸ್ತಿ ಬೀಳುತ್ತೆ. ಅದನ್ನು ಅರ್ಧ ಅರ್ಧ ಹಾಕಿಕೊಳ್ಳೋಕೆ ಓನರ್ ಒಪ್ಪುತ್ತಾರಾ ಕೇಳಿ.

ಬಾಡಿಗೆಮನೆ_ಬಸ್ಯ
ಕೇಳಿದೆ ಮೇಡಂ. "ರಿಜಿಸ್ಟರ್ ಎಲ್ಲ ಯಾಕ್ರೀ, ನಾವೇನು ಓಡಿ ಹೋಗ್ತೀವಾ" ಅಂದ್ರು.

ಮಂಡ್ಯ_ಹೈದ
ಅಂಗಾರೆ ನಿಮ್ಮಪ್ಪಂಗೆ ಹೇಳು, ಅಡ್ಕೆ ದುಡ್ಡು ಬ್ಯಾಂಕಲ್ಲೇ ಇರ್ಲಿ. ನೀನು ತಿಂಗ್ಳು ತಿಂಗ್ಳು ಬಾಡ್ಗೆ ಕಟ್ಕಂಡು ಇರು.